ಬೆಕ್ಕಿಗೂ ಬರುತ್ತದೆ ಸಕ್ಕರೆ ಕಾಯಿಲೆ

ಮನೆಯಲ್ಲಿ ಅಜ್ಜನಿಗೋ ಅತ್ತೆಗೋ ಸಕ್ಕರೆ ಕಾಯಿಲೆ ಇದ್ದರೆ ಇನ್ಸುಲಿನ್ ಎಂಬ ಹೆಸರು ನಿಮಗೆ ಹೊಸದಲ್ಲ. ಅದೇ ಕಾಯಿಲೆ ನಿಮ್ಮ ಮುದ್ದಿನ ಬೆಕ್ಕಿಗೂ ಬರಬಹುದೆಂದರೆ ನಗಬೇಡಿ. ಪದೇ ಪದೇ ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು, ಚೆನ್ನಾಗಿ ತಿಂದರೂ ಇಳಿದುಹೋಗುವುದು ಇದರ ಲಕ್ಷಣಗಳು. ವಯಸ್ಸಾದ, ಮೈ ಬೆಳೆಸಿಕೊಂಡು ಫ್ಲ್ಯಾಟಿನೊಳಗೇ ಇರುವ ಬೆಕ್ಕುಗಳಲ್ಲಿ ಇದು ಹೆಚ್ಚು.

ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಊಟದ ಹೊತ್ತಿಗೆ, ಚರ್ಮದಡಿ ಇನ್ಸುಲಿನ್ ಚುಚ್ಚಬೇಕಾಗುತ್ತದೆ. ಕಿವಿಯಂಚಿನ ಒಂದು ಹನಿ ರಕ್ತದಿಂದ ಮನೆಯಲ್ಲೇ ಸಕ್ಕರೆ ಅಳೆಯಬಹುದು. ಆದರೆ ಒಂದೇ ಅಂಕಿ ನೋಡಿ ಗಾಬರಿಯಾಗಬೇಡಿ. ಬೆಕ್ಕು ಹೆದರಿದರೂ ಸಕ್ಕರೆ ಏರುತ್ತದೆ. ಆಸ್ಪತ್ರೆಯ ಮೇಜಿನ ಮೇಲೆ 300 ದಾಟಿದ್ದು ಮನೆಯಲ್ಲಿ ಇಳಿದಿರಬಹುದು. ಅದಕ್ಕಾಗಿಯೇ ವೈದ್ಯರು ದಿನವಿಡೀ 2 ಗಂಟೆಗೊಮ್ಮೆ ಅಳೆದ ಲೆಕ್ಕ ಕೇಳುತ್ತಾರೆ. ಪ್ರಮಾಣ ಏರಿಸುವುದು, ಇಳಿಸುವುದು ಅವರ ಕೆಲಸ.

ಅತಿಯಾದರೆ ಅಮೃತವೂ ವಿಷ. ಸಕ್ಕರೆ ಒಂದು ದಿನ ಏರಿದ್ದಕ್ಕಿಂತ ಒಂದು ಗಂಟೆ ತೀರಾ ಇಳಿದದ್ದು ಹೆಚ್ಚು ಅಪಾಯ. ಬೆಕ್ಕು ತೂರಾಡಿದರೆ, ಸುಸ್ತಾಗಿ ಬಿದ್ದರೆ, ಒಸಡಿಗೆ ಜೇನುತುಪ್ಪ ಸವರಿ ಕೂಡಲೇ ವೈದ್ಯರಲ್ಲಿಗೆ ಓಡಿ. ಫಿಟ್ಸ್ ಬಂದಾಗ ಬೆರಳು ಬಾಯೊಳಗೆ ಹೋಗದಂತೆ ಎಚ್ಚರವಿರಲಿ. ಊಟ ಬಿಟ್ಟ ಬೆಕ್ಕಿಗೆ ವೈದ್ಯರನ್ನು ಕೇಳದೆ ಚುಚ್ಚಬೇಡಿ. ಔಷಧಿ ಒಳಗೆ ಹೋಯಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಮತ್ತೆ ಚುಚ್ಚಬೇಡಿ.

ಸಿರಿಂಜಿನ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ 1ರ ಗೆರೆವರೆಗೆ ಎಳೆದರೆ ಬೆಕ್ಕಿನ ಮೈ ಸೇರುವುದು ಎರಡೂವರೆ ಯೂನಿಟ್! ಅಜ್ಜನ ಸಿರಿಂಜನ್ನು ಬೆಕ್ಕಿಗೆ ಬಳಸುವ ಮುನ್ನ ಬಾಟಲಿಯ ಮೇಲಿನ ಅಂಕಿ ಓದಿ.

ಇನ್ನು ಊಟ. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ ಹಾಕುವುದು ವಾಡಿಕೆ. ಆದರೆ ಬೆಕ್ಕು ಹುಟ್ಟಾ ಮಾಂಸಾಹಾರಿ; ಅನ್ನದ ಪಿಷ್ಟ ಅದರ ಸಕ್ಕರೆಯನ್ನು ಏರಿಸುತ್ತದೆ. ಬೇಗ ಚಿಕಿತ್ಸೆ ಆರಂಭಿಸಿ, ಪಿಷ್ಟ ಕಡಿಮೆಯಿರುವ ಆಹಾರ ಕೊಟ್ಟರೆ ಕೆಲವು ಬೆಕ್ಕುಗಳು ಇನ್ಸುಲಿನ್ ಬೇಡದ ಸ್ಥಿತಿಗೂ ಬರುತ್ತವೆ. ಆಗ ಹಳೆಯ ಪ್ರಮಾಣವೇ ಹೆಚ್ಚಾಗುವುದರಿಂದ ಊಟ ಬದಲಿಸುವಾಗಲೂ ವೈದ್ಯರಿಗೆ ತಿಳಿಸಿ.

ಅಮ್ಮ ಚುಚ್ಚಿದ್ದು ಗೊತ್ತಿಲ್ಲದೆ ನೀವೂ ಚುಚ್ಚಿದರೆ ಗತಿಯೇನು? ಅಡುಗೆಮನೆಯ ಕ್ಯಾಲೆಂಡರಿಗೆ ಒಂದು ಪೆನ್ಸಿಲ್ ಕಟ್ಟಿ. ಚುಚ್ಚಿದವರು ಆಗಲೇ ಸಮಯ, ಯೂನಿಟ್ ಬರೆದಿಡಲಿ. ಬಾಯಿಲ್ಲದ ಜೀವಕ್ಕೆ ಆ ಬರಹವೇ ಬಾಯಿ.