ರೋಬಾಟ್ ಕಲಿಯಬೇಕು, ಬ್ಯಾಟರಿ ಬಿಡಬೇಕಲ್ಲ!

ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ನೇಟ್ ಕೋಲ್ ಮತ್ತು ಪೀಟರ್ ಸ್ಟೋನ್ ಎಂಬ ವಿಜ್ಞಾನಿಗಳು ಸೋನಿ ಕಂಪನಿಯ ‘ಐಬೋ’ ನಾಯಿ-ರೋಬಾಟ್‌ಗಳನ್ನು ತಮ್ಮ ನಡಿಗೆ ತಾವೇ ಕಲಿಯಲು ಬಿಟ್ಟರು. ಕಾಲು ಎತ್ತುವ ಎತ್ತರ, ಇಡುವ ದೂರವನ್ನು ಚೂರುಚೂರೇ ಬದಲಿಸುತ್ತ, ತಮ್ಮ ವೇಗವನ್ನು ತಾವೇ ಅಳೆಯುತ್ತ ಮೂರು ನಾಯಿಗಳು ಅತ್ತಿಂದಿತ್ತ ಓಡಾಡಿದವು. ಸುಮಾರು ಮೂರು ಗಂಟೆಯಲ್ಲಿ ಅವುಗಳ ವೇಗ ಸೆಕೆಂಡಿಗೆ 291 ಮಿಲಿಮೀಟರ್ ಮುಟ್ಟಿತು. 2004ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಮನುಷ್ಯರಿಗೆ ಉಳಿದಿದ್ದ ಕೆಲಸ ಒಂದೇ: ಗಂಟೆಗೊಮ್ಮೆ ಬ್ಯಾಟರಿ ಬದಲಿಸುವುದು.

ಮೂರು ಗಂಟೆಯ ಪಾಠಕ್ಕೆ ಇದು ಸರಿ. ಹತ್ತು ದಿನ ಬೇಕಾದರೆ? ಯಂತ್ರ ತಾನಾಗಿ ಕಲಿಯುವುದೆಂದರೆ ಸಾವಿರಾರು ಸಲ ಎಡವಿ ತಿದ್ದಿಕೊಳ್ಳುವುದು. ಕಂಪ್ಯೂಟರಿನ ಅಣಕು ಲೋಕದಲ್ಲಿ ಇದು ಬೇಗ ಮುಗಿಯುತ್ತದೆ. ಆದರೆ ಚಕ್ರ ಜಾರುವುದು, ಸಂವೇದಕಕ್ಕೆ ಧೂಳು ಹಿಡಿಯುವುದು ಅಲ್ಲಿ ಪೂರ್ತಿಯಾಗಿ ಮೂಡುವುದಿಲ್ಲ. ನಿಜವಾದ ನೆಲದ ಮೇಲೆ ಓಡಲೇಬೇಕು. ದೊಡ್ಡ ಬ್ಯಾಟರಿ ಹೊರಿಸಿದರೆ ತೂಕ ಹೆಚ್ಚುತ್ತದೆ, ತೂಕ ಎಳೆಯಲು ಮೋಟಾರಿಗೆ ಇನ್ನಷ್ಟು ಕರೆಂಟು ಬೇಕಾಗುತ್ತದೆ.

ಮೊದಲ ಉಪಾಯ ವೈರು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ರೂಪುಗೊಂಡ ‘ಖೆಪೆರಾ’ ರೋಬಾಟಿನ ವ್ಯಾಸ ಬರೀ 55 ಮಿಲಿಮೀಟರ್. ಅದಕ್ಕೆ ಮೇಲಿಂದ ತೆಳು ಕೇಬಲ್ ಇಳಿಬಿಡುತ್ತಿದ್ದರು. ರೋಬಾಟ್ ಗಿರಕಿ ಹೊಡೆದಾಗ ವೈರು ಹುರಿಗೊಳ್ಳದಂತೆ ನಡುವೆ ತಿರುಗುವ ಸಂಪರ್ಕವೊಂದಿರುತ್ತಿತ್ತು. ಒಂದು ರೋಬಾಟಿಗೆ ಇದು ಸಾಕು. ಒಂದೇ ಅಂಗಳದಲ್ಲಿ ಎಂಟನ್ನು ಬಿಟ್ಟರೆ ವೈರುಗಳು ಜಡೆ ಹೆಣೆದುಕೊಳ್ಳುತ್ತವೆ.

ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ವಾಟ್ಸನ್, ಸೆವನ್ ಫಿಚಿಚಿ ಮತ್ತು ಜೋರ್ಡನ್ ಪೊಲಾಕ್ ಎದುರಿಸಿದ್ದು ಇದೇ ತೊಡಕನ್ನು. ಎಂಟು ಪುಟ್ಟ ರೋಬಾಟ್‌ಗಳು ಒಟ್ಟಿಗೆ ಓಡಾಡುತ್ತ, ಒಂದರ ಕಲಿಕೆಯನ್ನು ಇನ್ನೊಂದಕ್ಕೆ ದಾಟಿಸಬೇಕಿತ್ತು. ಎರಡನೆಯ ಉಪಾಯವಾಗಿ ಅವರು ನೆಲಕ್ಕೇ ಕರೆಂಟು ಕೊಟ್ಟರು. ಜಾತ್ರೆಯ ಡ್ಯಾಶಿಂಗ್ ಕಾರು ನೆಲದಿಂದ ಒಂದು ಧ್ರುವವನ್ನೂ ಚಾವಣಿಯ ಜಾಲರಿಯಿಂದ ಇನ್ನೊಂದನ್ನೂ ಪಡೆಯುತ್ತದಲ್ಲ, ಇಲ್ಲಿ ಎರಡೂ ನೆಲದಲ್ಲೇ. ಲೋಹದ ಪಟ್ಟಿಗಳು ಸಾಲಾಗಿ ಒಂದು ಪ್ಲಸ್, ಒಂದು ಮೈನಸ್. ರೋಬಾಟಿನ ಹೊಟ್ಟೆಯಡಿಯ ಸಂಪರ್ಕ ಬಿಂದುಗಳು ಎತ್ತ ತಿರುಗಿದರೂ ಎರಡೂ ಬಗೆಯ ಪಟ್ಟಿಗಳನ್ನು ಮುಟ್ಟುವಂತೆ ಹಂಚಿಕೊಂಡಿರುತ್ತವೆ. ಯಾವ ಬಿಂದುವಿಗೆ ಯಾವ ಧ್ರುವ ಸಿಕ್ಕರೂ ರೆಕ್ಟಿಫೈಯರ್ ಅದನ್ನು ಸರಿದಿಕ್ಕಿಗೆ ತಿರುಗಿಸುತ್ತದೆ. ಬ್ಯಾಟರಿಯ ಚಿಂತೆ ತಪ್ಪಿತು, ಆದರೆ ರೋಬಾಟ್ ಆ ನೆಲ ಬಿಟ್ಟು ಹೊರಗೆ ಹೋಗುವಂತಿಲ್ಲ.

ಮೂರನೆಯ ದಾರಿ, ತಾನೇ ಹೋಗಿ ಚಾರ್ಜ್ ಮಾಡಿಕೊಳ್ಳುವುದು. ಇದು ಹಳೆಯದು. 1940ರ ದಶಕದ ಕೊನೆಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮಿದುಳು ವಿಜ್ಞಾನಿ ಕಟ್ಟಿದ ಯಂತ್ರ-ಆಮೆಗಳು ಮಂದ ಬೆಳಕಿನತ್ತ ಸಾಗುತ್ತಿದ್ದವು, ಪ್ರಖರ ಬೆಳಕಿಗೆ ಹಿಂಜರಿಯುತ್ತಿದ್ದವು. ಬ್ಯಾಟರಿ ಇಳಿದಂತೆ ಅವುಗಳ ಸಂವೇದನೆಯೂ ಕುಗ್ಗಿ, ಗೂಡಿನ ಜೋರು ದೀಪ ಹಿಮ್ಮೆಟ್ಟಿಸದಾಗಿ, ಒಳಹೊಕ್ಕು ಚಾರ್ಜ್ ಆಗುತ್ತಿದ್ದವು. ಇಂದಿನ ಕಸ ಗುಡಿಸುವ ರೋಬಾಟ್‌ಗಳೂ ತಾವೇ ತಮ್ಮ ಗೂಡಿಗೆ ಮರಳುತ್ತವೆ. ಎರಡರಲ್ಲೂ ಗೂಡಿಗೆ ಮರಳುವ ಗುಣ ಎಂಜಿನಿಯರ್ ಇಟ್ಟದ್ದು, ಯಂತ್ರ ಕಲಿತದ್ದಲ್ಲ.

ಅದನ್ನೂ ಯಂತ್ರವೇ ಕಂಡುಕೊಳ್ಳಬಹುದೇ? ಡಾರಿಯೊ ಫ್ಲೋರೆಯಾನೊ ಮತ್ತು ಫ್ರಾನ್ಸೆಸ್ಕೊ ಮೊಂಡಾಡಾ ಎಂಬ ವಿಜ್ಞಾನಿಗಳು 1996ರಲ್ಲಿ ಉತ್ತರ ಪ್ರಕಟಿಸಿದರು. ಖೆಪೆರಾ ಓಡುವ ಅಂಕಣದ ಒಂದು ಮೂಲೆಗೆ ಕಪ್ಪು ಬಣ್ಣ, ಪಕ್ಕದಲ್ಲಿ ದೀಪ. ಕಪ್ಪು ಜಾಗವೇ ಚಾರ್ಜಿಂಗ್ ತಾಣ. ವೇಗವಾಗಿ ಓಡಿದರೆ, ಗೋಡೆಗೆ ಢಿಕ್ಕಿ ಹೊಡೆಯದಿದ್ದರೆ ಅಂಕ. ಚಾರ್ಜ್ ಮಾಡಿಕೊಂಡದ್ದಕ್ಕೆ ಅಂಕವಿಲ್ಲ. ಒಂದು ತಲೆಮಾರಿಗೆ ನೂರು ನರಜಾಲಗಳನ್ನು (ರೋಬಾಟನ್ನು ನಡೆಸುವ, ಮಿದುಳನ್ನು ಅನುಕರಿಸುವ ಪ್ರೋಗ್ರಾಂಗಳನ್ನು) ಒಂದಾದ ಮೇಲೊಂದು ಅದೇ ರೋಬಾಟಿನಲ್ಲಿ ಓಡಿಸಿ, ಹೆಚ್ಚು ಅಂಕ ಪಡೆದವುಗಳಿಂದ ಮುಂದಿನ ತಲೆಮಾರು ರೂಪಿಸಿದರು. 240 ತಲೆಮಾರು, ಹತ್ತು ದಿನ. ಕೊನೆಗೆ ರೋಬಾಟ್ ಅಂಕಣದಲ್ಲೆಲ್ಲ ಓಡಾಡಿ, ಚಾರ್ಜ್ ಇನ್ನೇನು ಮುಗಿಯುತ್ತದೆ ಎನ್ನುವಾಗ ಕಪ್ಪು ಮೂಲೆಗೆ ಧಾವಿಸಿ, ತುಂಬಿದೊಡನೆ ಹೊರಬೀಳುತ್ತಿತ್ತು. ಮೂಲೆಗೆ ಹೋಗೆಂದು ಯಾರೂ ಹೇಳಿರಲಿಲ್ಲ. ಹೋದವು ಹೆಚ್ಚು ಹೊತ್ತು ಓಡಿ ಹೆಚ್ಚು ಅಂಕ ಗಳಿಸಿದವು, ಅಷ್ಟೇ.

ಇದರೊಳಗೊಂದು ತಮಾಷೆಯಿದೆ. 20 ಸೆಕೆಂಡಿಗೆ ಖಾಲಿಯಾಗಿ, ಮುಟ್ಟಿದ ಕ್ಷಣ ತುಂಬುತ್ತಿದ್ದ ಆ ‘ಬ್ಯಾಟರಿ’ ಬರೀ ಲೆಕ್ಕದ್ದು. ನಿಜವಾದ ಕರೆಂಟು ಹತ್ತೂ ದಿನ ಕೇಬಲ್‌ನಿಂದಲೇ ಹರಿಯುತ್ತಿತ್ತು. ಅಸಲಿ ಬ್ಯಾಟರಿ ತುಂಬಲು ಕಾದಿದ್ದರೆ ಪ್ರಯೋಗ ಇನ್ನೂ ಬಹಳ ಕಾಲ ಎಳೆಯುತ್ತಿತ್ತು.

ಕಾಯುವ ಆ ಹೊತ್ತನ್ನು ಇಲ್ಲವಾಗಿಸುವುದಕ್ಕಿಂತ ಬಳಸಿಕೊಳ್ಳುವುದು ಜಾಣತನ. ಓಡಾಟದಲ್ಲಿ ಕಂಡದ್ದನ್ನೆಲ್ಲ ದಾಖಲಿಸಿಟ್ಟುಕೊಂಡ ರೋಬಾಟ್, ಪ್ಲಗ್ಗಿಗೆ ಅಂಟಿಕೊಂಡಿರುವಾಗ ಆ ದಾಖಲೆಯನ್ನೇ ಮತ್ತೆ ಮತ್ತೆ ತಿರುವಿಹಾಕಿ ತನ್ನ ನರಜಾಲವನ್ನು ತಿದ್ದಿಕೊಳ್ಳಬಹುದು. ಭಾರೀ ಲೆಕ್ಕಾಚಾರಕ್ಕೆ ಬೇಕಾದ ವಿದ್ಯುತ್ತು ಆಗ ಗೋಡೆಯಿಂದ ಬರುತ್ತದೆ, ಬ್ಯಾಟರಿಯಿಂದಲ್ಲ. ಓಡುವಾಗ ಅನುಭವ, ನಿಂತಾಗ ಅಭ್ಯಾಸ ಎಂದು ಹಂಚಿಕೊಂಡರೆ, ಕಲಿಕೆ ಎಡೆಬಿಡದೆ ಸಾಗಲು ಚಕ್ರ ಎಡೆಬಿಡದೆ ಉರುಳಬೇಕೆಂದೇನೂ ಇಲ್ಲ.