ಎಂಟು ಎಕರೆ, ನೂರು ಡಾಲರ್

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಸೀಮೆಯ ಡೆ ಬಿಲ್ಟ್ ಎಂಬ ಹಳ್ಳಿಯ ರೈತ ಯಾನ್ ಆರ್ಟ್‌ಸನ್ 1650ರಲ್ಲಿ ಅಮೆರಿಕಕ್ಕೆ ಹೋದ. ಹೋದದ್ದು ಜೀತದ ಕರಾರಿನ ಮೇಲೆ, ಇನ್ನೊಬ್ಬರ ಮನೆಯಲ್ಲಿ ದುಡಿಯಲು. ಉತ್ತರ ಕರ್ನಾಟಕದ ಕಡೆ ಹುಬ್ಬಳ್ಳಿ, ಬಾದಾಮಿ ಎಂದು ಅಡ್ಡಹೆಸರು ಇರುವ ಹಾಗೆ ಅವನ ವಂಶಕ್ಕೂ ಊರ ಹೆಸರೇ ಅಂಟಿತು. ವಾನ್ ಡೆರ್ ಬಿಲ್ಟ್, ಅಂದರೆ ಬಿಲ್ಟ್‌ನವನು. ಕೂಡಿಸಿ ಬರೆದರೆ ವ್ಯಾಂಡರ್‌ಬಿಲ್ಟ್.

ಮುಂದಿನ 144 ವರ್ಷ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. 1794ರಲ್ಲಿ ನ್ಯೂಯಾರ್ಕ್ ಪಕ್ಕದ ಸ್ಟೇಟನ್ ದ್ವೀಪದಲ್ಲಿ ಆರನೆಯ ತಲೆಮಾರಿನ ಕಾರ್ನೀಲಿಯಸ್ ಹುಟ್ಟಿದಾಗ ಅಪ್ಪನದು ಅದೇ ಬೇಸಾಯ, ಜೊತೆಗೆ ಬೆಳೆದದ್ದನ್ನು ಪೇಟೆಗೆ ಸಾಗಿಸುವ ಒಂದು ದೋಣಿ. ಹುಡುಗ 11ಕ್ಕೆ ಶಾಲೆ ಬಿಟ್ಟ. 1810ರಲ್ಲಿ, 16 ತುಂಬುವ ಮುಂಚೆ, ತನಗೂ ಒಂದು ದೋಣಿ ಬೇಕೆಂದು ತಾಯಿಯ ಬೆನ್ನು ಬಿದ್ದ. ಕಲ್ಲೇ ತುಂಬಿದ 8 ಎಕರೆ ಹೊಲವನ್ನು ಹುಟ್ಟಿದ ದಿನದೊಳಗೆ ಉತ್ತು, ಹರಗಿ, ಮೆಕ್ಕೆಜೋಳ ಬಿತ್ತಿ ಮುಗಿಸು, 100 ಡಾಲರ್ ಕೊಡುತ್ತೇನೆ ಎಂದಳಂತೆ ಆಕೆ. ದೋಣಿ ವಿಹಾರದ ಆಸೆ ತೋರಿಸಿ ಓರಗೆಯ ಹುಡುಗರನ್ನು ಹೊಲಕ್ಕಿಳಿಸಿ ಗೆದ್ದನಂತೆ ಈತ.

ದೋಣಿಯಿಂದ ಹಡಗು, ಹಡಗಿನಿಂದ ರೈಲು. ರೈಲು ಕಂಪನಿಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡದ್ದು 70ರ ಆಸುಪಾಸಿನ ವಯಸ್ಸಿನಲ್ಲಿ. ಉಳಿದವರು ಮೊಮ್ಮಕ್ಕಳನ್ನು ಆಡಿಸುವ ಕಾಲ ಅದು. 1877ರ ಜನವರಿಯಲ್ಲಿ ತೀರಿಕೊಂಡಾಗ ಆಸ್ತಿ ಸುಮಾರು 10 ಕೋಟಿ ಡಾಲರ್. ತಾಯಿ ಕೊಟ್ಟದ್ದರ ಹತ್ತು ಲಕ್ಷ ಪಟ್ಟು.

ಈ ಮೊತ್ತ ತಲೆಗೆ ಇಳಿಯುವುದು ಕಷ್ಟ. ನಾನು ಹೀಗೆ ಲೆಕ್ಕ ಹಾಕಿ ನೋಡಿದೆ. ಯಾನ್ ಬಂದಿಳಿದ ವರ್ಷದಿಂದ ಆ ಮನೆಯವರು ಒಂದು ದಿನವೂ ತಪ್ಪದೆ ದಿನಕ್ಕೊಂದು ಡಾಲರ್ ಹುಂಡಿಗೆ ಹಾಕುತ್ತ ಬಂದಿದ್ದರೆ (ಆಗ ಆ ನಾಣ್ಯವೇ ಇರಲಿಲ್ಲ, ಇರಲಿ) 227 ವರ್ಷಕ್ಕೆ ಕೂಡುತ್ತಿದ್ದದ್ದು ಸುಮಾರು 83,000. ಹತ್ತು ಕೋಟಿ ಆಗಬೇಕಾದರೆ ದಿನಕ್ಕೆ 1,200 ಹಾಕಬೇಕಿತ್ತು. ಕಾರ್ನೀಲಿಯಸ್‌ನ ಜೀವನಚರಿತ್ರೆ ಬರೆದ ಟಿ.ಜೆ. ಸ್ಟೈಲ್ಸ್ ಹಾಕಿದ ಲೆಕ್ಕ ಇದಕ್ಕಿಂತ ಭಯಂಕರ: ಸತ್ತ ಗಳಿಗೆಯಲ್ಲಿ ಅಷ್ಟನ್ನೂ ಮಾರಿ ನಗದು ಮಾಡಿದ್ದರೆ, ಅಮೆರಿಕದಲ್ಲಿ ಚಲಾವಣೆಯಲ್ಲಿದ್ದ ಪ್ರತಿ 20 ಡಾಲರ್‌ನಲ್ಲಿ ಒಂದು ಅವನ ಜೇಬಿಗೆ ಬರುತ್ತಿತ್ತು.

ಮಗ ವಿಲಿಯಂ ಹೆನ್ರಿಯನ್ನು ಅಪ್ಪ ದಡ್ಡನೆಂದೇ ತಿಳಿದು, ಮತ್ತೆ ಸ್ಟೇಟನ್ ದ್ವೀಪದ ಹೊಲಕ್ಕೇ ಅಟ್ಟಿದ್ದ. ಆಗಿನ ಒಂದು ಕತೆ ನನಗೆ ಬಹಳ ಇಷ್ಟ. ಅಪ್ಪನ ಕುದುರೆ ಟ್ರಾಮಿನ ಲಾಯದಿಂದ ಮಗ ಗೊಬ್ಬರ ಕೊಂಡನಂತೆ, ಲೋಡಿಗೆ 4 ಡಾಲರ್. ಅಪ್ಪನ ಮನಸ್ಸಿನಲ್ಲಿದ್ದದ್ದು ಗಾಡಿ ಲೋಡು. ಹೋಗಿ ನೋಡಿದರೆ ಮಗ ಒಂದು ದೊಡ್ಡ ದೋಣಿಯ ತುಂಬ ಗೊಬ್ಬರ ಪೇರಿಸಿಕೊಂಡು ನಿಂತಿದ್ದಾನೆ. ಎಷ್ಟು ಲೋಡು ಎಂದರೆ, ಒಂದೇ ಅಂದನಂತೆ. ಉಯಿಲಿನಲ್ಲಿ ಆಸ್ತಿಯ ಸಿಂಹಪಾಲು ಅವನಿಗೇ ಬಂದದ್ದರಲ್ಲಿ ಆಶ್ಚರ್ಯವೇನು! ಬಂದ ಸುಮಾರು ಒಂಬತ್ತೂವರೆ ಕೋಟಿಯನ್ನು ಒಂಬತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಇಮ್ಮಡಿ ಮಾಡಿದ. ಅಂದರೆ ಮಲಗಿದ್ದರೂ ಎದ್ದಿದ್ದರೂ ದಿನಕ್ಕೆ 30,000 ಡಾಲರ್.

ಖರ್ಚು ಮಾಡಿದ್ದು ಅವನ ಮಕ್ಕಳು. ಕಿರಿಯವನು ಜಾರ್ಜ್, ನಾರ್ತ್ ಕ್ಯಾರೊಲಿನಾದ ಆಶ್‌ವಿಲ್‌ನಲ್ಲಿ 250 ಕೋಣೆಗಳ ಮನೆ ಕಟ್ಟಿಸಿದ. ಶುರುವಾದದ್ದು 1889, ಗೃಹಪ್ರವೇಶ 1895. ಸಾಮಾನು ತರಲು ಮೂರು ಮೈಲಿ ಸ್ವಂತ ರೈಲು ಹಳಿ, ದಿನಕ್ಕೆ 32,000 ಇಟ್ಟಿಗೆ ಸುಡುವ ಗೂಡು, ಒಳಗೆ 43 ಬಚ್ಚಲುಮನೆ, 65 ಬೆಂಕಿಗೂಡು. ಸುತ್ತ 1,25,000 ಎಕರೆ. ಎಂಟು ಮ್ಯಾನ್‌ಹಟನ್‌ಗಳು ಹಿಡಿಸಿ ಇನ್ನೂ ಜಾಗ ಮಿಗುವಷ್ಟು. ಮನೆಗೆ ಇಟ್ಟ ಹೆಸರು ಬಿಲ್ಟ್‌ಮೋರ್. ಜೀತಕ್ಕೆ ಹೊರಟವನ ಹಳ್ಳಿ ಆ ಹೆಸರಿನಲ್ಲಿ ಹಾಗೇ ಕೂತಿತ್ತು.

ಜಾರ್ಜ್ 1914ರಲ್ಲಿ ತೀರಿಕೊಂಡ. ಅವನ ಹೆಂಡತಿ ಸುಮಾರು 87,000 ಎಕರೆ ಗುಡ್ಡಗಾಡನ್ನು ಸರ್ಕಾರಕ್ಕೆ ಮಾರಿದಳು. ಅದೇ ಈಗಿನ ಪಿಸ್ಗಾ ರಾಷ್ಟ್ರೀಯ ಅರಣ್ಯದ ಬುಡ. ಬಂದ ಬೆಲೆ ಎಕರೆಗೆ ಸುಮಾರು 5 ಡಾಲರ್. ನೂರು ವರ್ಷದ ಹಿಂದೆ ಸ್ಟೇಟನ್ ದ್ವೀಪದ ಆ ತಾಯಿ, ಬರೀ ಉತ್ತು ಬಿತ್ತಿದ್ದಕ್ಕೆ, ಎಕರೆಗೆ ಹನ್ನೆರಡೂವರೆ ಕೊಟ್ಟಿದ್ದಳು.