ಕಳೆಗೂ ಉಣಿಸುವ ಅಮೋನಿಯಾ

ಯೂರಿಯಾ ಚೀಲದ ಮೇಲಿನ 46 ಎಂಬ ಅಂಕಿ ತಿ. ನರಸೀಪುರದ ಭತ್ತದ ರೈತರಿಗೂ ನಂಜನಗೂಡಿನ ಕಬ್ಬು ಬೆಳೆಗಾರರಿಗೂ ಚೆನ್ನಾಗಿ ಗೊತ್ತು. ಅದು ನೂರು ಕಿಲೋದಲ್ಲಿರುವ ಸಾರಜನಕದ ಪಾಲು. ಗದ್ದೆಗೆ ಬಿದ್ದ ಯೂರಿಯಾ ಮಣ್ಣಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ. ನಮ್ಮ ಯಕೃತ್ತಿನಲ್ಲಿ ನಡೆಯುವುದು ಇದರ ತಿರುವುಮುರುವು: ಪ್ರೋಟೀನು ಒಡೆದಾಗ ಹುಟ್ಟುವ ಅಮೋನಿಯಾವನ್ನು ಅದು ಯೂರಿಯಾ ಮಾಡಿ ಮೂತ್ರದ ದಾರಿಗೆ ಬಿಡುತ್ತದೆ. 1932ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ ಈ ಚಕ್ರವನ್ನು ಬಿಡಿಸಿ ತೋರಿಸಿದರು. ಅಮೋನಿಯಾ ದೇಹದ ಕಸ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಕ್ಯಾನ್ಸರ್ ವಿಷಯದಲ್ಲಿ ಆ ಮಾತು ಸಾಲದು. ಗೆಡ್ಡೆಯೊಳಗೆ ಅದು ಒಬ್ಬರಿಗೆ ಊಟ, ಇನ್ನೊಬ್ಬರಿಗೆ ವಿಷ.

ಅನೇಕ ಕ್ಯಾನ್ಸರ್ ಕೋಶಗಳು ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ವಿಪರೀತ ಬಳಸುತ್ತವೆ. ಅದು ಒಡೆದಾಗ ಉಳಿಯುವ ಅಮೋನಿಯಾ, ಗೆಡ್ಡೆಯಲ್ಲಿ ರಕ್ತಸಂಚಾರ ಸರಿಯಿಲ್ಲದ ಕಾರಣ, ಅಲ್ಲೇ ಮಡುಗಟ್ಟುತ್ತದೆ. ಸ್ತನ ಕ್ಯಾನ್ಸರ್ ಕೋಶಗಳು ಅದನ್ನು ಬಿಸಾಡದೆ ಮತ್ತೆ ಅಮೈನೋ ಆಮ್ಲಗಳಿಗೆ ಜೋಡಿಸಿಕೊಂಡು ಬೆಳೆಯುತ್ತವೆ ಎಂದು 2017ರಲ್ಲಿ ಹಾರ್ವರ್ಡ್‌ನ ಮಾರ್ಸಿಯಾ ಹೈಗಿಸ್ ತಂಡ ತೋರಿಸಿತು. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡದ್ದು ಇದರ ಇನ್ನೊಂದು ಮುಖ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಶೇಖರವಾದ ಅಮೋನಿಯಾದಿಂದ, ಗೆಡ್ಡೆಯ ವಿರುದ್ಧ ಹೋರಾಡಬೇಕಾದ ಟಿ ಕೋಶಗಳು ದಣಿದು ಕೈಚೆಲ್ಲುತ್ತವೆ. ಇಲಿಗಳಲ್ಲಿ ಅಮೋನಿಯಾ ಹೊರಹೋಗುವುದನ್ನು ಚುರುಕುಗೊಳಿಸಿದಾಗ ಆ ಕೋಶಗಳು ಚೇತರಿಸಿಕೊಂಡವು, ಗೆಡ್ಡೆಯ ಬೆಳವಣಿಗೆ ತಗ್ಗಿತು. ಕಳೆ ಗೊಬ್ಬರ ತಿಂದು ಕೊಬ್ಬುವುದು ರೈತನಿಗೆ ಹೊಸದಲ್ಲ. ಅದೇ ಗೊಬ್ಬರ ಕಳೆ ಕೀಳುವವನ ಕೈಯನ್ನೂ ಸುಡುವುದು ಇಲ್ಲಿನ ವಿಚಿತ್ರ.

ಸ್ತನ, ಕರುಳು ಬೇರೆ ಬೇರೆ ಅಂಗ, ಎರಡನ್ನೂ ಕೂಡಿಸಿ ಒಂದೇ ಮಾತು ಹೇಳಬಹುದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳೂ ಅಮೋನಿಯಾ ಉತ್ಪಾದಿಸುತ್ತವೆ. ಸ್ತನದಲ್ಲಿ ಆ ಸ್ಥಿತಿಯಿಲ್ಲ. ಆದ್ದರಿಂದಲೇ ಅಮೋನಿಯಾ ತಗ್ಗಿಸಿದರೆ ಎಲ್ಲ ಕ್ಯಾನ್ಸರ್‌ಗೂ ಮದ್ದು ಎನ್ನುವಂತಿಲ್ಲ. ಯಾವ ಗೆಡ್ಡೆಯಲ್ಲಿ ಅದನ್ನು ತಿನ್ನುವವರು ಯಾರು, ಅದರಿಂದ ನರಳುವವರು ಯಾರು ಎಂದು ಮೊದಲು ಅಳೆಯಬೇಕು. ಹಾಗಾದರೆ ಗದ್ದೆಯ ಯೂರಿಯಾದಿಂದ ಕ್ಯಾನ್ಸರ್ ಬರುತ್ತದೆಯೇ ಎಂಬ ಭಯ ಬೇರೆ. ಈ ಸಂಶೋಧನೆಗಳಿಂದ ಆ ತೀರ್ಮಾನ ಹೊರಡುವುದಿಲ್ಲ. ಅವು ಮಾತಾಡುವುದು ದೇಹದೊಳಗೇ ಹುಟ್ಟುವ ಅಮೋನಿಯಾದ ಬಗ್ಗೆ. ಇನ್ನೊಂದು ಎಚ್ಚರಿಕೆ: ಯಕೃತ್ತು ಕೆಟ್ಟವರಿಗೆ ಅಮೋನಿಯಾ ಇಳಿಸಲು ಕೊಡುವ ಎಲ್-ಆರ್ನಿಥಿನ್ ಎಲ್-ಆಸ್ಪಾರ್ಟೇಟ್ ನಮ್ಮ ಔಷಧಿ ಅಂಗಡಿಗಳಲ್ಲೇ ಸಿಗುತ್ತದೆ. ಇಲಿಗಳ ಫಲಿತಾಂಶ ಓದಿ, ವೈದ್ಯರನ್ನು ಕೇಳದೆ ಅದನ್ನು ಕ್ಯಾನ್ಸರ್ ರೋಗಿಗೆ ಕೊಡಬೇಡಿ.